ಸಹಜ ನಷ್ಟ

ಹತ್ತಕ್ಕೆ ಪರೀಕ್ಷೆ. ಒಂಬತ್ತೂವರೆಗೇ
ಮೂವತ್ತೆರಡು ಕಿಟಕಿ ತೆರೆದು ಕೂತಿದ್ದೇನೆ
ಪೇಪರ್ ಟೌನಿನ ಈ ಕ್ವಾರ್ಟರ್ಸಿನಲ್ಲಿ.
ಕಾಸ್ಟ್ ಅಕೌಂಟಿಂಗ್, ಐದನೇ ಸೆಮಿಸ್ಟರ್.
ಗಂಟೆಗಿಷ್ಟು ಎಂದು ಸಂಬಳ. ಅತಿಥಿ ಉಪನ್ಯಾಸಕಿ,
ಹನ್ನೊಂದು ವರ್ಷದಿಂದ ಅತಿಥಿ.

ಕಾಗದದ ಕಾರ್ಖಾನೆ ಮುಚ್ಚಿದ ಊರಿಗೆ
ಕಾಗದವಿಲ್ಲದ ಪರೀಕ್ಷೆ ಬಂತು ನೋಡಪ್ಪ,
ಅಂದೆ. ಅಪ್ಪ ನಗಲಿಲ್ಲ.

ಹಾಜರಿ ನಾನು ಕೂಗುವಂತಿಲ್ಲ,
ಮುಖ ನೋಡಿ ಯಂತ್ರವೇ ಹಾಕಿಕೊಳ್ಳುತ್ತದೆ.
ನಸ್ರೀನಳಿಗೆ ಮೂರು ಸಲ ತಡೆಯಿತು.
ಲೈಟ್ ಹಾಕಮ್ಮ. ಹಾಕಿದೆ ಮ್ಯಾಮ್. ಇನ್ನೊಂದು ಹಾಕು.
ಅವಳ ತಮ್ಮ ಮಂಚ ಹತ್ತಿ ಟಾರ್ಚು ಹಿಡಿದ ಮೇಲೆ
ಅವಳು ಅವಳೇ ಎಂದು ಒಪ್ಪಿತು.

ರಫ್ ಹಾಳೆ ಒಂದೇ ಒಂದು.
ಎರಡೂ ಮಗ್ಗುಲು ಕ್ಯಾಮೆರಾಗೆ ತೋರಿಸಿ.
ಮೂವತ್ತೆರಡು ಬಿಳಿ ಹಾಳೆ ಒಟ್ಟಿಗೇ ಮೇಲೆದ್ದವು,
ಮುಖಗಳೆಲ್ಲ ಮರೆ.
ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದ ಅಪ್ಪ
ಬಗ್ಗಿ, ಕನ್ನಡಕ ಏರಿಸಿ,
ಮೇಲಿನ ಸಾಲಿನ ನಾಲ್ಕನೆಯದಕ್ಕೆ ಬೆರಳಿಟ್ಟ:
"ಇದು ನಮ್ದು ಕಣೇ. ನಮ್ ಮಿಷಿನ್ನಿಂದು."
ಪರದೇಲಿ ಹೆಂಗಪ್ಪ ಗೊತ್ತಾಗುತ್ತೆ?
"ನಿಂತಿರೋದು ನೋಡು. ಬಗ್ಗಿದೆಯಾ?"

ಇಪ್ಪತ್ತಾರು ವರ್ಷ ಹಾಳೆಗಳನ್ನು ಬೆಳಕಿಗೆ ಹಿಡಿದು
ಪಾಸು, ಫೇಲು ಅಂದ ಕೈ ಅದು.
ಆಗ ಊರಿಗೆಲ್ಲ ಪಲ್ಪಿನ ನಾತ.
ಬಸ್ಸಿನಲ್ಲಿ ನಿದ್ದೆ ಹೋದವರು
ಮೂಗು ಮುಚ್ಚಿಕೊಂಡೇ ಎಚ್ಚರಾಗಿ
ಭದ್ರಾವತಿ ಬಂತು ಎಂದು ಇಳಿಯುತ್ತಿದ್ದರು.
ಈಗ ಗಾಳಿಗೆ ಯಾವ ವಾಸನೆಯೂ ಇಲ್ಲ.
ಊರು ಬಂದದ್ದು ಗೊತ್ತೇ ಆಗುವುದಿಲ್ಲ.

ನಾಲ್ಕನೆಯ ಕಿಟಕಿ ತಿಪ್ಪೇಶನದು, ಹೊಳೆಹೊನ್ನೂರಿನವನು.
ಯೋಚನೆಗೆ ಬಿದ್ದರೆ ಕತ್ತು ಮೇಲೆತ್ತುತ್ತಾನೆ.
ಕ್ಲಾಸಿನಲ್ಲೂ ಹಾಗೇ,
ಉತ್ತರವನ್ನು ಫ್ಯಾನಿನ ಹತ್ತಿರ ಎಲ್ಲೋ ಇಟ್ಟು ಮರೆತವನಂತೆ.
ಎರಡು ವರ್ಷ ಪಾಠ ಮಾಡಿ ನನಗಿದು ಗೊತ್ತು.
ಯಂತ್ರಕ್ಕೆ ಗೊತ್ತಿರುವುದು:
ದೃಷ್ಟಿ ಪರದೆಯಿಂದ ಆಚೆ, ಎಚ್ಚರಿಕೆ ಒಂದು.
ದೃಷ್ಟಿ ಪರದೆಯಿಂದ ಆಚೆ, ಎಚ್ಚರಿಕೆ ಎರಡು.
ಮೂರಾದರೆ ಕಿಟಕಿ ತಾನೇ ಮುಚ್ಚುತ್ತದೆ.
ಆಮೇಲೆ ಅವನು ಅಲ್ಲಾಡಲಿಲ್ಲ.
ಪಾಸ್‌ಪೋರ್ಟ್ ಫೋಟೋದ ಹಾಗೆ ಕೂತ.
ಇಲ್ಲಿ ನನ್ನ ಕತ್ತೂ ಹಿಡಿದುಕೊಂಡಿತು.

ಹದಿನೇಳನೇ ಪ್ರಶ್ನೆ. ನಾನು ಹಾಕಿದ್ದಲ್ಲ,
ಯಾವುದೋ ಪ್ರಶ್ನೆಗಳ ಬ್ಯಾಂಕಿನಿಂದ ಉದುರಿದ್ದು:
ಒಂದು ಕಾಗದ ಕಾರ್ಖಾನೆ. ಒಳಹೋದ ಮಾಲು ಸಾವಿರ ಟನ್ನು.
ಸಹಜ ನಷ್ಟ ಶೇಕಡಾ ಐದು.
ಹೊರಬಂದದ್ದು ಒಂಬೈನೂರ ಹತ್ತು.
ಅಸಹಜ ನಷ್ಟ ಎಷ್ಟು?
ನಾಲ್ಕು ಉತ್ತರ, ನಾಲ್ಕು ಗುಂಡಿ, ಒಂದು ನಿಮಿಷ.
ಅಪ್ಪ ಪೂರ್ತಿ ಓದಿದ.
ಲೋಟ ತೊಳೆಯಲು ಒಳಗೆ ಹೋದ.

ಸಂಜೆ ತಿಪ್ಪೇಶನ ಮೆಸೇಜು:
"ಮ್ಯಾಮ್ ಹಾಳೇಲಿ ನಲವತ್ತು ಬಂದಿತ್ತು
ನಲವತ್ತೇ ಒತ್ತಕ್ಕೆ ಹೋದೆ ನೆಟ್ ನಿಂತು
ಪೇಜ್ ಜಾರಿ ತೊಂಬತ್ತಕ್ಕೆ ಬಿತ್ತು
ಹಾಳೆ ಕಳಿಸ್ಲಾ"

ಕಳಿಸುವಂತಿಲ್ಲ. ನಿಯಮ ಒಂಬತ್ತರಲ್ಲಿದೆ:
ರಫ್ ಹಾಳೆಯನ್ನು ಪರಿಗಣಿಸಲಾಗುವುದಿಲ್ಲ,
ಪರೀಕ್ಷೆ ಮುಗಿದೊಡನೆ ಹರಿದುಹಾಕತಕ್ಕದ್ದು.

ಕಳಿಸು ಅಂದೆ.

ಪೆನ್ಸಿಲ್ಲಿನ ಬರಹ. ಸಾವಿರದಲ್ಲಿ ಐವತ್ತು ಕಳೆದು
ಒಂಬೈನೂರ ಐವತ್ತು, ಅದರಲ್ಲಿ ಬಂದದ್ದು ಕಳೆದು
ನಲವತ್ತು. ಅಡಿಗೆ ಎರಡು ಗೆರೆ.
ಪಕ್ಕದಲ್ಲಿ ಸಣ್ಣಗೆ: ಇದನ್ನು ಸರಕಿನ ಬೆಲೆಗೆ ಸೇರಿಸಬಾರದು,
ಲಾಭನಷ್ಟ ಖಾತೆಗೆ ಬೇರೆಯಾಗಿ ತೋರಿಸಬೇಕು.
ಅಷ್ಟನ್ನು ಯಾರೂ ಕೇಳಿರಲಿಲ್ಲ.
ಬಲಗಡೆ ಮೂಲೆಯಲ್ಲಿ ಒಂದು ಫ್ಯಾನು, ಮೂರು ರೆಕ್ಕೆ.
ಮೇಲೆ ನೋಡುವಂತಿರಲಿಲ್ಲವಲ್ಲ,
ಕೆಳಗೇ ಬರೆದುಕೊಂಡಿದ್ದಾನೆ.

ಕೆಂಪು ಪೆನ್ನು ಹುಡುಕಿ ತೆಗೆದೆ.
ತೆಗೆದ ಮೇಲೆ ಹೊಳೆಯಿತು, ಕೈಯಲ್ಲಿರುವುದು ಫೋನು.

ಅಪ್ಪನಿಗೆ ತೋರಿಸಿದೆ. ದೂರ ಹಿಡಿದ, ಹತ್ತಿರ ಹಿಡಿದ.
"ಹಾಳೇನೇ ತರಿಸ್ಕೋ. ಇದ್ರಲ್ಲಿ ಏನೂ ಗೊತ್ತಾಗಲ್ಲ."
ಬೆಳಿಗ್ಗೆ ಗೊತ್ತಾಯ್ತಲ್ಲಪ್ಪ?
"ಬೆಳಿಗ್ಗೆ ಅದು ಖಾಲಿ ಇತ್ತು."